ಏಳನೇ ಸ್ಥಾನ

ಮಾರ್ಚ್ ಬಂತೆಂದರೆ ನಮ್ಮ ಡನ್‌ವೀಲ್ ಊರಿನ ಐಸ್ ಹಾಕಿ ರಿಂಕಿನಲ್ಲಿ ಕಾಫಿ ಹೆಚ್ಚು ಖರ್ಚಾಗುತ್ತದೆ. ಮಂಜುಗಡ್ಡೆಯ ನೆಲದ ಪಕ್ಕದಲ್ಲೇ ಗಾಜಿನ ಗೋಡೆಯ ಬೆಚ್ಚನೆಯ ಕೋಣೆಯೊಂದಿದೆ. ಗಂಡಸರೆಲ್ಲ ಟೋಪಿಯನ್ನೂ ತೆಗೆಯದೆ ಅಲ್ಲಿ ಕೂತು, ಜೂನಿಯರ್ ಹಾಕಿಯ ಪ್ಲೇಆಫ್‌ನಲ್ಲಿ, ಮೊದಲ ಸುತ್ತಿಗೆ ಯಾರಿಗೆ ಯಾರು ಎದುರಾಗುತ್ತಾರೆಂದು ಜಗಳವಾಡುತ್ತಾರೆ. ಕೊನೆಗೆ ಎಲ್ಲರೂ ಓರೆಸ್ಟ್‌ನ ಕಡೆ ತಿರುಗುತ್ತಾರೆ. ಓರೆಸ್ಟ್ ರಿಂಕಿನ ನೆಲವನ್ನು ಗಾಡಿ ಓಡಿಸಿ ನಯ ಮಾಡುವವನು, ನನ್ನ ಪಕ್ಕದ ಮನೆಯವನು. ಅವನು ಹೇಳಿದ ಜೋಡಿ ತಪ್ಪಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಆ ದಿನ ನಾನು ರಿಂಕಿನ ಅಡುಗೆಮನೆಯ ಕಿಟಕಿಯಲ್ಲಿ ಸೂಪು ಬಡಿಸುತ್ತಿದ್ದೆ.

"ಶನಿವಾರ ಮಾರ್ಸ್‌ಡೇಲ್‌ನ ಸೋಲಿಸಿದ್ವಿ ಅಂದ್ರೆ ಆರನೇ ಸ್ಥಾನ ನಮ್ದು," ಎಂದ ಓರೆಸ್ಟ್, ಮೇಜಿನ ಮೇಲೆ ಕಾಫಿ ಲೋಟಗಳನ್ನು ಜೋಡಿಸುತ್ತ. "ಆರನೆಯವರಿಗೆ ಮೂರನೆಯವರು. ದಕ್ಷಿಣಕ್ಕೆ ಹೋಗಿ ಹೆದರ್‌ಲಿ ಜೊತೆ ಆಡೋದು. ಕಷ್ಟ ಏನಿಲ್ಲ."

"ಸೋತ್ರೆ?"

"ಸೋತ್ರೆ ಏಳನೇದು. ಏಳನೆಯವರಿಗೆ ಎರಡನೆಯವರು. ಉತ್ತರಕ್ಕೆ, ಪೈನ್ ನ್ಯಾರೋಸ್‌ಗೆ. ದಿನವಿಡೀ ಬಸ್ಸಲ್ಲಿ ಕೂತು ಹೋಗಿ, ಒದೆ ತಿಂದು, ದಿನವಿಡೀ ಬಸ್ಸಲ್ಲಿ ಕೂತು ಬರೋದು."

"ಓವರ್‌ಟೈಮ್‌ನಲ್ಲಿ ಸೋತ್ರೂ ಒಂದು ಪಾಯಿಂಟ್ ಕೊಡ್ತಾರಲ್ಲೋ."

"ಕೊಡ್ತಾರೆ. ಆಗ ಅವರೂ ನಾವೂ ಸಮ. ಸಮ ಆದ್ರೆ, ನಮ್ಮಿಬ್ಬರ ಆಟಗಳಲ್ಲಿ ಯಾರು ಹೆಚ್ಚು ಗೆದ್ದಿದಾರೆ ಅಂತ ನೋಡ್ತಾರೆ. ಈ ವರ್ಷ ಮಾರ್ಸ್‌ಡೇಲ್ ನಮ್ಮನ್ನ ಒಗೆದು ಒಣಗಹಾಕಿದೆ. ಹೆಂಗೆ ಸೋತ್ರೂ ಉತ್ತರಾನೇ. ಹೋಗ್ರೋ, ದಪ್ಪ ಕಾಲುಚೀಲ ತೊಗೊಳ್ರೋ."

ಎಲ್ಲರೂ ನಕ್ಕರು. ಮೂಲೆಯ ಬೆಂಚಿನಲ್ಲಿ ಸೂಪು ಕುಡಿಯುತ್ತಿದ್ದ ಡೇರಿಯಸ್ ಮಾತ್ರ ನಗಲಿಲ್ಲ.

ಡೇರಿಯಸ್ ಮೆರಾಸ್ಟಿ ನಮ್ಮ ತಂಡದ ಗೋಲ್‌ಕೀಪರ್, ಹತ್ತೊಂಬತ್ತರವನು. ಹೊರ ಊರುಗಳಿಂದ ಬರುವ ಆಟಗಾರರನ್ನು ನಮ್ಮಲ್ಲಿ ಒಂದೊಂದು ಮನೆಯವರು ಇಟ್ಟುಕೊಳ್ಳುತ್ತಾರೆ. ಅವನು ಎರಡನೇ ವರ್ಷ ನನ್ನ ಮನೆಯಲ್ಲಿದ್ದ. ಬಂದ ಮೊದಲ ವಾರವೇ, ನನ್ನ ಮಂಡಿ ನೋವು ನೋಡಿ, ನೆಲಮಾಳಿಗೆಯ ಬಟ್ಟೆ ಬುಟ್ಟಿಯನ್ನು ಹೇಳದೆ ಕೇಳದೆ ಹೊತ್ತು ತಂದಿಟ್ಟಿದ್ದ. ನನ್ನನ್ನು ಬಾಬಾ ಎಂದು ಕರೆಯುತ್ತಿದ್ದ. ಉಕ್ರೇನಿನಿಂದ ಬಂದ ನಮ್ಮ ಜನ ಅಜ್ಜಿಯನ್ನು ಕರೆಯುವುದು ಹಾಗೆ. ಅವನ ಮೂಲನಿವಾಸಿ ಜನರ ಕ್ರೀ ಮಾತಿನಲ್ಲಿ ಅಜ್ಜಿಗೆ ಕೋಕುಮ್ ಎನ್ನುತ್ತಾರೆ. ಆ ಹೆಸರನ್ನು ಅವನು ಒಬ್ಬರಿಗೇ ಇಟ್ಟಿದ್ದ.

ಅವನ ಕೋಕುಮ್ ಇದ್ದದ್ದು ಪೈನ್ ನ್ಯಾರೋಸ್‌ನ ಆಸ್ಪತ್ರೆಯಲ್ಲಿ. ತಾಯಿಯಿಲ್ಲದ ಅವನನ್ನು ಸಾಕಿದವರು ಅವರೇ. ಹಳೇ ಹಾಸಿಗೆ ಬಿಚ್ಚಿ ಅವನ ಮೊದಲ ಕಾಲುಪಟ್ಟಿ ಹೊಲಿದವರೂ ಅವರೇ. ಆದರೆ ಅವನು ದೊಡ್ಡ ತಂಡ ಸೇರಿದ ಮೇಲೆ ಅವರು ಒಂದು ಆಟವನ್ನೂ ಎದುರು ಕೂತು ನೋಡಿರಲಿಲ್ಲ. ಚಳಿಗಾಲದಲ್ಲಿ ನಮ್ಮ ತಂಡ ಅಲ್ಲಿಗೆ ಹೋದಾಗ, ಸಕ್ಕರೆ ಕಾಯಿಲೆಗೆ ಕಾಲು ತೆಗೆಸಲೆಂದು ಅವರನ್ನು ನಗರಕ್ಕೆ ಒಯ್ದಿದ್ದರು. ಈಗ ಮೂತ್ರಪಿಂಡವೂ ಹೋಗಿ, ಒಂದು ದಿನ ಬಿಟ್ಟು ಒಂದು ದಿನ ಡಯಾಲಿಸಿಸ್ ಯಂತ್ರಕ್ಕೆ ಒಡ್ಡಿಕೊಳ್ಳುತ್ತಿದ್ದರು.

ಆ ದಿನ ಮನೆಗೆ ಬಂದ ಮೇಲೆ ಡೇರಿಯಸ್ ಪೆರೋಗಿ ಕಡುಬಿನ ತಟ್ಟೆಯನ್ನು ಮುಟ್ಟದೆ ಕೂತ.

"ಕೋಕುಮ್ ಫೋನ್ ಮಾಡಿದ್ಲು, ಬಾಬಾ. ಆ ಮಷೀನು ಸಾಕಾಗಿದ್ಯಂತೆ ಅವಳಿಗೆ. ಡಾಕ್ಟರಿಗೂ ಹೇಳಿದಾಳೆ. ಮೊದಲ ಸುತ್ತು ನಮ್ಮೂರಲ್ಲೇ ಬಂದ್ರೆ ಅಲ್ಲೀವರೆಗೂ ತಡೀತೀನಿ, ವೀಲ್‌ಚೇರಲ್ಲಿ ಬಂದು ನಿನ್ನ ಗೋಲಿನ ಹಿಂದೇನೇ ಕೂತ್ಕೋತೀನಿ ಅಂದ್ಲು."

"ಬರದಿದ್ರೆ?"

"ಬರದಿದ್ರೆ ನಿಲ್ಲಿಸಿಬಿಡ್ತಾಳಂತೆ."

ರಜಾ ಕೇಳಿ ಈಗಲೇ ಹೋಗಿ ಬಾ ಎಂದೆ. "ಅದನ್ನೂ ಹೇಳ್ದೆ. ಮಂಚದ ಪಕ್ಕ ಅಳೋಕೆ ಬಂದ್ರೆ ಕೋಲಲ್ಲಿ ಹೊಡೀತೀನಿ ಅಂದ್ಲು. ಆಡೋಕೆ ಬರೋದಾದ್ರೆ ಬಾ ಅಂತೆ," ಎಂದು ಸ್ವಲ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ಸೋತರೆ ಹೋಗಬಹುದೆಂಬ ಮಾತನ್ನು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಅದು ತಟ್ಟೆಯ ಪಕ್ಕದಲ್ಲೇ ಕೂತಿತ್ತು.

ಶನಿವಾರ ಊರಿಗೆ ಊರೇ ರಿಂಕಿನಲ್ಲಿತ್ತು. ನಾನು ಕಂಬಳಿ ಹೊದ್ದು ನಮ್ಮ ಗೋಲಿನ ಹಿಂದೆ ಕೂತಿದ್ದೆ. ಡೇರಿಯಸ್ ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಪಕ್ ಎನ್ನುವ ಆ ರಬ್ಬರ್ ಬಿಲ್ಲೆ ಬಂದಾಗಲೆಲ್ಲ ಕಾಲಲ್ಲಿ, ಕೈಯಲ್ಲಿ, ಒಮ್ಮೆ ಮುಖವಾಡದಲ್ಲೇ ತಡೆದ. ಸೋಲುವುದು ಅವನ ಮೈಗೆ ಗೊತ್ತಿರಲಿಲ್ಲ. ಆಟ ಸಮವಾಗಿ ಮುಗಿದು ಓವರ್‌ಟೈಮ್‌ಗೆ ಹೋಯಿತು. ಇನ್ನು ಯಾರು ಮೊದಲು ಗೋಲು ಹೊಡೆದರೂ ಆಟ ಮುಗಿಯಿತು.

ನೆಲ ನಯ ಮಾಡಿ ಮುಗಿದ ಮೇಲೆ ಅವನು ಗೋಲಿನ ಕಂಬಕ್ಕೆ ಒರಗಿ ನಿಂತು ಗಾಜಿನಾಚೆಯಿಂದ ನನ್ನ ಕಡೆ ನೋಡಿದ. ನಾನು ಕೈ ಎತ್ತಿದೆ. ಏನು ಹೇಳಲು ಎತ್ತಿದೆನೋ ನನಗೇ ತಿಳಿಯದು.

ಮತ್ತೆ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮಾರ್ಸ್‌ಡೇಲ್‌ನ ಒಬ್ಬ ದೂರದಿಂದ ಪಕ್ ಹೊಡೆದ. ಎದುರಿಗೆ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ನಾನು ಎಸೆಯುವ ಈರುಳ್ಳಿಯನ್ನು ಬೆನ್ನು ತಿರುಗಿಸಿಕೊಂಡೇ ಹಿಡಿಯುವವನು ಅವನು. ಅವನ ಎಡಗೈ ಏಳಬೇಕಿತ್ತು. ಏಳಲಿಲ್ಲ. ಪಕ್ ಬಲೆಯೊಳಗೆ ಬಿದ್ದ ಸದ್ದು ನನಗೆ ಕೇಳಿಸಿತು, ಅಷ್ಟು ನಿಶ್ಶಬ್ದವಾಗಿತ್ತು.

ರೇಡಿಯೋದಲ್ಲಿ ಆಟ ವಿವರಿಸುವ ಲಾಯ್ಡ್ ನನ್ನಿಂದ ಎರಡು ಸಾಲು ಮೇಲೆ ಕೂತಿದ್ದ. ಎಲ್ಲವನ್ನೂ ನೋಡಿದ್ದ. ಉಗುಳು ನುಂಗಿ, ಮೈಕಿನಲ್ಲಿ ಹೇಳಿದ: "ಮುಂದೆ ಆಟಗಾರರು ಅಡ್ಡ ನಿಂತಿದ್ರು. ಪಾಪ, ಮೆರಾಸ್ಟಿಗೆ ಪಕ್ ಕಾಣಿಸಲೇ ಇಲ್ಲ." ಅವನಿಗೆ ಕಾರಣ ಗೊತ್ತಿರಲಿಲ್ಲ. ಹುಡುಗನ ಮಾನ ಉಳಿಸಲು ಒಂದು ಸುಳ್ಳು ಹೇಳಿದ, ಅಷ್ಟೇ.

ಓರೆಸ್ಟ್ ಬೆಚ್ಚನೆಯ ಕೋಣೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಪೈನ್ ನ್ಯಾರೋಸ್' ಎಂದು ಬರೆದ. ಡೇರಿಯಸ್ ಒದ್ದೆ ತಲೆಯಲ್ಲೇ ಬಂದು ಬಾಗಿಲಲ್ಲಿ ನಿಂತು ಅದನ್ನು ಓದಿದ. ಆಗಲೇ ತಂಡದ ಮ್ಯಾನೇಜರ್ ಗ್ರೆಟಾ ಫೋನ್ ಹಿಡಿದುಕೊಂಡು ಒಳಗೆ ಬಂದಳು.

"ಅಳಿಸು ಅದನ್ನ, ಓರೆಸ್ಟ್. ನಾವು ದಕ್ಷಿಣಕ್ಕೆ."

"ಏನು ದಕ್ಷಿಣ? ಪಾಯಿಂಟ್ ಸಮ. ನಮ್ಮಿಬ್ಬರ ಆಟದಲ್ಲಿ ಅವರೇ ಮುಂದೆ."

"ಅದು ಹಳೇ ನಿಯಮ ಕಣಯ್ಯಾ. ಬೇಸಿಗೆ ಸಭೆಯಲ್ಲಿ ಬದಲಾಯಿಸಿದ್ರಲ್ಲ. ಸಮ ಆದ್ರೆ ಈಗ ಇಡೀ ವರ್ಷದಲ್ಲಿ ಯಾರು ಹೆಚ್ಚು ಆಟ ಗೆದ್ದಿದಾರೋ ಅವರು ಮೇಲೆ. ನಾವು ಆರನೇದು. ಸೋತೂ ಗೆದ್ವಿ, ನೋಡು!"

ಗಂಡಸರು ಮೇಜು ಬಡಿದು ಕೂಗಿದರು. ಯಾರೋ ಓರೆಸ್ಟ್‌ನ ಟೋಪಿ ಕಿತ್ತು, "ಜೋಯಿಸರು ಮುದುಕರಾದ್ರು!" ಎಂದು ಎಸೆದರು. ಡೇರಿಯಸ್ ಹಲಗೆಯನ್ನೇ ನೋಡುತ್ತಿದ್ದ. ಓರೆಸ್ಟ್ ಅಂಗೈಯಲ್ಲಿ ಒರೆಸಿದ ಮೇಲೂ ಅಕ್ಷರದ ಗುರುತು ಉಳಿದಿತ್ತು.

ಬೆಳಿಗ್ಗೆ ಕಸದ ಬುಟ್ಟಿ ಇಡಲು ಹೊರಗೆ ಬಂದ ಓರೆಸ್ಟ್‌ಗೆ ನಾನು ಕೋಕುಮ್ ವಿಷಯ ಹೇಳಿದೆ. ಗೋಲಿನ ವಿಷಯ ಹೇಳಲಿಲ್ಲ. ಅವನೇ ಬೇಲಿ ಹಿಡಿದು ನಿಂತು, "ನಾನೇ ಅಲ್ವಾ ಸ್ಟೆಫಾ, ಹೆಂಗೆ ಸೋತ್ರೂ ಉತ್ತರ ಅಂದಿದ್ದು," ಎಂದ. ಸ್ವಲ್ಪ ಹೊತ್ತಿಗೆ ಅವನ ಟ್ರಕ್ ನಮ್ಮ ಬಾಗಿಲಲ್ಲಿ ಗುರುಗುಡುತ್ತಿತ್ತು. ನನ್ನ ಮಂಡಿಗೆಂದು ಸೀಟಿನ ಮೇಲೆ ಬಿಸಿನೀರಿನ ಚೀಲವನ್ನೂ ಇಟ್ಟಿದ್ದ.

ರಜಾ ಬೇಕೆಂದಾಗ ಕೋಚ್ ಕೇಳಿದ್ದು ಒಂದೇ: ಶುಕ್ರವಾರ ಹೆದರ್‌ಲಿ ಜೊತೆ ಮೊದಲ ಆಟಕ್ಕೆ ಬರ್ತೀಯಾ? ಡೇರಿಯಸ್ ಗೊತ್ತಿಲ್ಲ ಎಂದ. ಸರಿ, ಹೋಗು ಎಂದರು.

ಪೈನ್ ನ್ಯಾರೋಸ್ ತಲುಪಿದಾಗ ಬೆಳಕು ಕಂದುತ್ತಿತ್ತು. ಕೋಕುಮ್ ನಾನೆಣಿಸಿದ್ದಕ್ಕಿಂತ ಬಹಳ ಚಿಕ್ಕ ಹೆಂಗಸು. ಆ ದಿನದ ಯಂತ್ರಕ್ಕೆ ಅವರು ಒಲ್ಲೆ ಎಂದಾಗಿತ್ತು. ಮೊಮ್ಮಗನನ್ನು ಕಂಡು ಕೈ ಚಾಚಿ, ಅವನ ಎಡಗೈಯನ್ನೇ ಹಿಡಿದುಕೊಂಡರು.

"ಕೇಳ್ದೆ ನಿನ್ನೆ ಆಟ. ಕೊನೇದಕ್ಕೆ ಯಾರೋ ಅಡ್ಡ ನಿಂತಿದ್ರು ಅಂದ ರೇಡಿಯೋದವನು. ನಿಂತಿದ್ರಾ?"

ನಾನು ಕಿಟಕಿಯ ಕಡೆ ತಿರುಗಿದೆ.

"ಇಲ್ಲ, ಕೋಕುಮ್. ಯಾರೂ ಇರ್ಲಿಲ್ಲ."

"ನನಗೆ ಗೊತ್ತಾಯ್ತು. ಅವನು ಮಾತಾಡೋಕೆ ಮುಂಚೆ ಉಗುಳು ನುಂಗಿದ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ನನಗೋಸ್ಕರಾನಾ?"

ಅವನು ಹೌದೆಂದು ತಲೆಯಾಡಿಸಿದ.

"ಮಂಕೇ. ನಾನು ಹೊಲಿದ ಪಟ್ಟಿ ಕಟ್ಕೊಂಡು ಬೆಳೆದೋನು, ಬೇಕಂತ ಬಿಟ್ಟೆಯಾ? ನಿನ್ನ ಜೊತೆ ಆಡ್ದೋರೆಲ್ಲ ನಿನ್ನ ನಂಬಿ ಓಡಿದ್ರಲ್ಲೋ." ಬೈಯುತ್ತಲೇ ಅವನ ಕೈಯನ್ನು ಎದೆಗೆ ಒತ್ತಿಕೊಂಡಿದ್ದರು. "ನಂಗೆ ಬೇಕಾಗಿದ್ದು ನೀನು ಹಿಡಿಯೋದನ್ನ ನೋಡೋದು. ಶುಕ್ರವಾರ ಹೋಗಿ ಹಿಡಿ. ನಾನು ಇಲ್ಲಿಂದ ಕೇಳ್ತೀನಿ. ಇನ್ನೊಂದು, ನಂಗೆ ಸುಳ್ಳು ಹೇಳ್ಲಿಲ್ಲ ನೀನು. ನಿಂಗೂ ಯಾರೂ ಸುಳ್ಳು ಹೇಳೋಕೆ ಬಿಡಬೇಡ."

ಅವನು ಮಂಚದ ಪಕ್ಕ ಕೂತು ಅತ್ತ. ಕೋಲು ಅವರ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಅವರು ಹೊಡೆಯಲಿಲ್ಲ.

ಅವನು ಓರೆಸ್ಟ್ ಜೊತೆ ಹಿಂದಿರುಗಿದ. ನಾನು ಅಲ್ಲೇ ಉಳಿದೆ. ಯಾರಾದರೊಬ್ಬರು ಇರಬೇಕಿತ್ತು. ಕೋಕುಮ್ ನನಗೆ ತಮ್ಮ ಉಣ್ಣೆ ಶಾಲು ಕೊಟ್ಟು, "ನಿಮ್ಮಲ್ಲಿ ಅವನು ಚೆನ್ನಾಗಿ ತಿಂತಾನಾ?" ಎಂದು ಕೇಳಿದರು. ಚೆನ್ನಾಗಿ ತಿಂತಾನೆ ಎಂದೆ. ದಿನೇ ದಿನೇ ನಿದ್ದೆ ಹೆಚ್ಚಾಯಿತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕರೆದರೆ ಕಣ್ಣು ತೆರೆಯಲಿಲ್ಲ.

ಆದರೂ ಸಂಜೆ ನರ್ಸ್ ರೇಡಿಯೋ ತಂದು ದಿಂಬಿನ ಮೇಲೆ, ಕಿವಿಯ ಹತ್ತಿರ ಇಟ್ಟಳು. ಲಾಯ್ಡ್‌ನ ದನಿ ಕೋಣೆ ತುಂಬಿತು. ಮೆರಾಸ್ಟಿ ತಡೆದ, ಮೆರಾಸ್ಟಿ ಹಿಡಿದ, ಮತ್ತೆ ಮೆರಾಸ್ಟಿ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನೂ ಕದಲಲಿಲ್ಲ. ಎರಡನೇ ವಿರಾಮದ ಜಾಹೀರಾತುಗಳ ನಡುವೆ ಎಲ್ಲೋ ಉಸಿರು ನಿಂತಿತು. ನಾವು ಒಂದು ಗೋಲಿನಿಂದ ಸೋತೆವು. ಮುಂದಿನ ಆಟಗಳಲ್ಲೂ ಸೋತು ಆ ಸುತ್ತಿನಲ್ಲೇ ಹೊರಬಿದ್ದೆವು.

ನರ್ಸ್ ನನ್ನ ಭುಜ ಮುಟ್ಟಿದಳು. "ಹುಡುಗ ಕೇಳಿದ್ರೆ, ಕೊನೇವರೆಗೂ ಕೇಳಿಸ್ಕೋತಿದ್ರು ಅಂತ ಹೇಳಿ, ಅಮ್ಮಾ. ನಾನು ಎಲ್ಲರಿಗೂ ಹಾಗೇ ಹೇಳೋದು." ಒಳ್ಳೆಯ ಹುಡುಗಿ. ಎಷ್ಟೋ ಮನೆಗಳಲ್ಲಿ ಆ ಮಾತು ಜನರನ್ನು ಹಿಡಿದು ನಿಲ್ಲಿಸಿರಬೇಕು.

ಮರುದಿನ ಡೇರಿಯಸ್ ಬಂದ. ಓರೆಸ್ಟ್ ಟೋಪಿ ತೆಗೆದು ಬಾಗಿಲಾಚೆಯೇ ನಿಂತ. ಕಾರಿಡಾರಿನ ಕುರ್ಚಿಯಲ್ಲಿ ನಾವಿಬ್ಬರೂ ಕೂತೆವು. ಅವನ ಕತ್ತಿನ ಮೇಲೆ ಪಕ್ ಬಡಿದ ನೀಲಿ ಗಾಯವಿತ್ತು.

"ಕೇಳಿಸ್ಕೊಂಡ್ಲಾ, ಬಾಬಾ?"

ನರ್ಸ್ ಹೇಳಿಕೊಟ್ಟ ಮಾತು ನಾಲಿಗೆಯ ತುದಿಯವರೆಗೂ ಬಂತು.

"ಇಲ್ಲ ಮಗಾ. ಮಧ್ಯಾಹ್ನದಿಂದಲೇ ಪ್ರಜ್ಞೆ ಇರ್ಲಿಲ್ಲ. ರೇಡಿಯೋ ಕಿವಿ ಹತ್ರಾನೇ ಇತ್ತು. ನಾನು ಕೇಳ್ದೆ."

ಅವನು ಎದ್ದು, ನನ್ನ ಮಂಡಿಯ ಸ್ಥಿತಿ ನೋಡಿ ಎಡಗೈ ಚಾಚಿದ. ಹಿಡಿದುಕೊಂಡು ಎದ್ದೆ. ಇಬ್ಬರೂ ಒಳಗೆ ಹೋದೆವು.