ಬಾಲ್ಕನಿಯ ಪಂಚೆ

ನನ್ನ ಗಂಡ ಬಾಲಚಂದ್ರ ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ದಿನವೂ ಆಫೀಸಿನ ಬಸ್ಸನ್ನು ಕಾಯಿಸಿದವರಲ್ಲ. ಇದು ಅವರೇ ಹೇಳುವ ಮಾತು. ಕಂಡವರ ಮದುವೆಯಲ್ಲೂ ಹೇಳುತ್ತಾರೆ. ಹಾಸನದವರಾದ ನಾವು ವರ್ಗವಾಗಿ ಸೂರತ್ತಿಗೆ ಬಂದು ಆರು ವರ್ಷವಾಯಿತು. ಮನೆ ಅಡಾಜಣ್ ಬಡಾವಣೆಯಲ್ಲಿ, ಊರಾಚೆ ಸಚಿನ್ ಎಂಬ ಜಾಗದ ಹತ್ತಿರದ ಸರ್ಕಾರಿ ಸಂಸ್ಥೆಯಲ್ಲಿ ಇವರು ಸಾರಿಗೆ ಅಧಿಕಾರಿ. ಬಸ್ಸು ಎಲ್ಲರಿಗಿಂತ ಮೊದಲು ಹತ್ತಿಸಿಕೊಳ್ಳುವುದು ಇವರನ್ನೇ.

ಸತ್ಯ ನನಗೆ ಗೊತ್ತು. ಬಸ್ಸು ಬರುವುದು ಏಳು ನಲವತ್ತೆರಡಕ್ಕೆ. ಆಗ ಇವರು ಮಡಿಪಂಚೆ ಉಟ್ಟು ಜಪಕ್ಕೆ ಕೂತಿರುತ್ತಾರೆ. ಹೊಸದರಲ್ಲಿ ಡ್ರೈವರ್ ಮಂಥನ್ ಹಾರ್ನ್ ಹೊಡೆಯುತ್ತಿದ್ದ. ಹಾರ್ನ್ ಕೇಳಿದರೆ ಇವರಿಗೆ ಎಣಿಕೆ ತಪ್ಪುತ್ತಿತ್ತು, ಮತ್ತೆ ಒಂದರಿಂದ ಶುರು. ಅವನು ಹೊಡೆದಷ್ಟೂ ಇವರು ತಡ. ಹೀಗಾದರೆ ನೂರೆಂಟು ಮುಗಿಯುವುದು ಮಧ್ಯಾಹ್ನಕ್ಕೇ ಎಂದುಕೊಂಡು ನಾನೇ ಮಂಥನ್ ಜೊತೆ ಒಪ್ಪಂದ ಮಾಡಿಕೊಂಡೆ. ಅವನು ಕಟ್ಟಡದ ಹಿಂದೆ ಸದ್ದಿಲ್ಲದೆ ನಿಲ್ಲಬೇಕು. ಜಪ ಮುಗಿದು ಇವರು ಪ್ಯಾಂಟು ಹಾಕಿಕೊಳ್ಳುವಾಗ ನಾನು ಪಂಚೆ ಹಿಂಡಿ ಹಿಂದಿನ ಬಾಲ್ಕನಿಯಲ್ಲಿ ಒಣಹಾಕುತ್ತೇನೆ. ಪಂಚೆ ಕಂಡರೆ ಅವನು ಗೇಟಿಗೆ ಬರಬೇಕು. ನಡುವೆ ಒಂದು ಲೋಟ ಕಾಫಿ ನನ್ನ ಕಡೆಯಿಂದ.

ಹೀಗಾಗಿ ಇವರು ಗೇಟಿಗೆ ಬರುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಗುತ್ತಿತ್ತು. ಬಸ್ಸು ಬಂತೆಂದ ಮೇಲೆ ಹೊತ್ತು ಸರಿಯಾಗಿಯೇ ಇರಬೇಕು ಎಂಬುದು ಇವರ ತರ್ಕ. ಗಡಿಯಾರ ನೋಡಿದವರಲ್ಲ.

ಈ ಸುಖಕ್ಕೆ ಕಲ್ಲು ಹಾಕಿದ್ದು ಒಂದು ಯಂತ್ರ. ವೇಗ, ದೂರ, ಡ್ರೈವರ್ ದುಡಿದ ಗಂಟೆ, ಎಲ್ಲವನ್ನೂ ಬರೆದಿಡುವ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿಸಿದವರು ಇವರೇ. ತಿಂಗಳಾದ ಮೇಲೆ ವರದಿ ಬಂತು. ಶನಿವಾರ ಸಂಜೆ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತರು.

“ನೋಡೇ ತಾರಾ, ಈ ಮಂಥನ್ ಕಳ್ಳಾಟಾನ! ದಿನಾ ಹದಿಮೂರು ನಿಮಿಷ ಎಲ್ಲೋ ಗಾಡಿ ನಿಲ್ಲಿಸ್ತಾನೆ. ಆಮೇಲೆ ಆ ಹೊತ್ತು ಸರಿದೂಗಿಸೋಕೆ ಎಪ್ಪತ್ತರಲ್ಲಿ ಓಡಿಸ್ತಾನೆ. ಯಾಕೋ ಅಂದ್ರೆ ‘ಇಂಜಿನ್ ಬಿಸಿಯಾಗಿತ್ತು ಸಾಹೇಬ್’ ಅಂತಾನೆ. ಬೆಳಗ್ಗೆ ಬೆಳಗ್ಗೆ ಎಂಥಾ ಬಿಸಿ? ಸೋಮವಾರ ಬಸ್ಸಿನ ಕಂಟ್ರಾಕ್ಟರಿಗೆ ಕಾಗದ ಹೋಗುತ್ತೆ. ಇವನ ಕೆಲಸ ಹೋದ ಹಾಗೇ.”

ನನ್ನ ಮಾತಿಗೆ ಕಟ್ಟುಬಿದ್ದು ಅವನು ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ.

“ರೀ, ಒಂದು ಮಾತು...”

“ಆಫೀಸಿನ ವಿಷಯಕ್ಕೆ ನೀನು ತಲೆ ಹಾಕಬೇಡ.”

ಗದರಿದ್ದೇ ನೆಪವಾಗಿ ನಾನೂ ಸುಮ್ಮನಾದೆ. ಹೆದರಿಕೆ ಎಂದೇ ಹೇಳಬೇಕು. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ವರದಿಯಲ್ಲಿ ಜಾಗದ ಹೆಸರಿರಲಿಲ್ಲ, ಬರೀ ಅಕ್ಷಾಂಶ ರೇಖಾಂಶದ ಅಂಕಿಗಳು. ನಕ್ಷೆಯೂ ಬೇಕಾದರೆ ದರ ಹೆಚ್ಚು ಎಂದಾಗ ಬೇಡವೆಂದ ಜಿಪುಣರೂ ಇವರೇ. ಕಾಗದಕ್ಕೆ ಜಾಗದ ಹೆಸರು ಬೇಕಲ್ಲ? ಆ ಅಂಕಿಗಳನ್ನು ಫೋನಿಗೆ ಹಾಕಿ, “ಯಾವ ಚಹಾದಂಗಡಿ ಅಂತ ನೋಡೇಬಿಡ್ತೀನಿ” ಎಂದು ಚಪ್ಪಲಿ ಮೆಟ್ಟಿ ಹೊರಟರು. ನಾನು ಹಿಂದಿನ ಬಾಲ್ಕನಿಗೆ ಓಡಿದೆ.

ಇವರು ಗೇಟು ದಾಟಿ, ಫೋನು ಹೇಳಿದಂತೆ ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ, ಸರಿಯಾಗಿ ನನ್ನ ಕಣ್ಣ ಕೆಳಗೆ ಬಂದು ನಿಂತರು. ನೀವು ತಲುಪಬೇಕಾದ ಜಾಗ ತಲುಪಿದ್ದೀರಿ ಎಂದು ಫೋನಿನೊಳಗಿನ ಹೆಂಗಸು ಹಿಂದಿಯಲ್ಲಿ ಹೇಳಿದಳು. ಇವರು ಸುತ್ತ ನೋಡಿದರು. ಅಂಗಡಿಯಿಲ್ಲ. ತಲೆಯೆತ್ತಿದರೆ ತಮ್ಮದೇ ಪಂಚೆ, ಪಕ್ಕದಲ್ಲಿ ನಾನು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. “ಅವನು ನಿಲ್ಲೋದು ಅಲ್ಲೇ ಕಣ್ರೀ,” ಎಂದು ಮೇಲಿನಿಂದಲೇ ಕೂಗಿದೆ. “ನಿಮ್ಮ ಜಪ ಮುಗೀಲಿ ಅಂತ ಕಾಯ್ತಾನೆ. ಕಾಯೋಕೆ ಹೇಳಿದ್ದು ನಾನು. ತೆಗೆಯೋದಾದ್ರೆ ನನ್ನನ್ನ ಕೆಲಸದಿಂದ ತೆಗೀರಿ!”

ಎರಡನೇ ಮಹಡಿಯಿಂದ ಕಮಲಾಬೆನ್ ಇಣುಕಿ ನೋಡಿದರು. ಅವರಿಗೆ ಕನ್ನಡ ಬಾರದಿದ್ದದ್ದು ನಮ್ಮ ಪುಣ್ಯ. ಇವರು ಮೇಲೆ ಬಂದು, ಉಂಡು, ಕಂಟ್ರಾಕ್ಟರಿಗೆ ಬರೆಯತೊಡಗಿದ್ದ ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಆಮೇಲೆ ಮಂಥನ್‌ಗೆ ಫೋನ್ ಮಾಡಿ, ಕೆಮ್ಮಿ, “ಇಂಜಿನ್ ಈಗ ಹೇಗಿದೆಯಪ್ಪ?” ಎಂದು ಹಿಂದಿಯಲ್ಲಿ ಕೇಳಿದರು. ಅವರಿಂದ ಅದಕ್ಕಿಂತ ದೊಡ್ಡ ಕ್ಷಮಾಪಣೆಯನ್ನು ಮದುವೆಯಾದಾಗಿನಿಂದ ನಾನು ಕೇಳಿಲ್ಲ.

ಸೋಮವಾರ ಐದಕ್ಕೇ ಎದ್ದು, ಜಪ ಮುಗಿಸಿ, ಏಳೂವರೆಗೆ ಗೇಟಿನಲ್ಲಿ ನಿಂತರು. ನಾನು ಹೆಮ್ಮೆಯಿಂದ ದೋಸೆ ಹುಯ್ಯುತ್ತಿದ್ದೆ. ಏಳು ಐವತ್ತೈದಕ್ಕೆ ಫೋನ್ ಬಂತು.

“ಎಲ್ಲೇ ನಿನ್ನ ಮಂಥನ್? ಬಸ್ಸೇ ಇಲ್ಲ! ನಾನು ಹೇಳಲಿಲ್ವಾ, ಅವನು ಸೋಮಾರಿ ಅಂತ?”

ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದೆ. ಕೆಳಗೆ ಬಸ್ಸು ನಿಂತಿತ್ತು. ಮಂಥನ್ ಸೀಟಿನಿಂದ ಕತ್ತು ಹೊರಚಾಚಿ ಖಾಲಿ ಹಗ್ಗವನ್ನೇ ನೋಡುತ್ತಿದ್ದ. ಪಂಚೆ ಬಕೆಟ್ಟಿನಲ್ಲೇ ನೆನೆಯುತ್ತಿತ್ತು.

ಹಿಂಡದೆಯೇ ಎತ್ತಿ ಹಾಕಿದೆ. ಬಸ್ಸು ಹೊರಟಿತು.

ಆ ದಿನದ ವರದಿಯಲ್ಲೂ ಹದಿಮೂರು ನಿಮಿಷವೇ ಬಂತಂತೆ. ಕಾರಣ ಬರೆಯುವ ಜಾಗದಲ್ಲಿ ಇವರು ತಮ್ಮ ಕೈಯಾರೆ ಬರೆದು ಸಹಿ ಹಾಕಿದ್ದಾರೆ: “ಚಾಲಕನ ತಪ್ಪಿಲ್ಲ. ಅಧಿಕಾರಿಯ ಹೆಂಡತಿ ಪಂಚೆ ಒಣಹಾಕಲು ಮರೆತದ್ದು.”