ಕೆಂಪಾದ ಹುಳುವನ್ನು ಸುಡಬೇಡಿ

ಗುಲಾಬಿ ಗಿಡ ಬಾಡಿದರೆ ನೀರು ಸಾಲದೆಂದುಕೊಳ್ಳುತ್ತೇವೆ. ನೀರು ಹಾಕುತ್ತೇವೆ. ಇನ್ನೂ ಬಾಡುತ್ತದೆ. ಗೊಬ್ಬರ ಹಾಕುತ್ತೇವೆ. ಕೊನೆಗೊಂದು ದಿನ ಕಾಂಡ ಹಿಡಿದು ಸ್ವಲ್ಪ ಎಳೆದರೆ ಗಿಡ ಸುಮ್ಮನೆ ಕೈಗೆ ಬಂದುಬಿಡುತ್ತದೆ. ಕೆಳಗೆ ಬೇರೇ ಇರುವುದಿಲ್ಲ.

ಅತ್ತೆ, ಮಗ, ಸೊಸೆ ಮೂವರೂ ಸಸಿ ಮಾರಿ ಬದುಕುವ ಒಂದು ಮನೆಯಲ್ಲೂ ಹಾಗೇ ಆಯಿತು. ಮನೆಯ ಹಿಂದೆ, ಹಸಿರು ಬಲೆಯ ಚಪ್ಪರದಾಚೆ, ತಾಯಿಗಿಡಗಳ ಒಂದು ಸಾಲಿತ್ತು. ತಾಯಿಗಿಡವೆಂದರೆ ಕಡ್ಡಿ ಕತ್ತರಿಸಿ ಹೊಸ ಸಸಿ ಮಾಡಿಕೊಳ್ಳಲೆಂದೇ ಉಳಿಸಿಕೊಂಡ ಗಿಡ. ಹೂವು ತೆಳು ಹಳದಿ, ವಾಸನೆ ಮಾತ್ರ ಬಾಗಿಲವರೆಗೂ ಬರುವಂಥದ್ದು. ಅತ್ತೆಯ ಗಂಡ ಬದುಕಿದ್ದಾಗ ವರ್ಷಗಟ್ಟಲೆ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಸೋಕಿಸಿ ಮಾಡಿದ ತಳಿ. ಬೇರೆಲ್ಲೂ ಇರಲಿಲ್ಲ. ಯಾರಾದರೂ ಒಂದು ಕಡ್ಡಿ ಕೇಳಿದರೆ ಅತ್ತೆ, “ಸಾಲು ತುಂಬಲಿ, ಆಮೇಲೆ ನೋಡೋಣ” ಎನ್ನುತ್ತಿದ್ದರು.

ಮೊದಲ ಗಿಡ ಕೈಗೆ ಬಂದ ದಿನ ಸೊಸೆ ಮಣ್ಣು ಕೆದಕಿದಳು. ಬೆರಳ ತುದಿಯಷ್ಟು ದಪ್ಪದ ಬಿಳಿ ಹುಳುಗಳು ಮೈ ಸುರುಳಿ ಸುತ್ತಿಕೊಂಡು ಮಲಗಿದ್ದವು. ನಾಲ್ಕಾರನ್ನು ಎಲೆಯ ಮೇಲಿಟ್ಟುಕೊಂಡು ಬೇಲಿಯ ಹತ್ತಿರ ಹೋದಳು. ಪಕ್ಕದ ಮನೆಯ ಹೆಂಗಸು ಕೃಷಿ ಕೇಂದ್ರದಲ್ಲಿ ಹುಳು ಸಾಕುವ ಕೆಲಸದವಳು. ಓಣಿಯವರೆಲ್ಲ ಅವಳನ್ನು ಹುಳದಕ್ಕ ಎಂದೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

“ಗೊಣ್ಣೆಹುಳ ಕಣೇ ಇದು. ದುಂಬಿಯ ಮರಿ. ಹಗಲೂ ರಾತ್ರಿ ಬೇರು ತಿನ್ನೋದೇ ಕೆಲಸ.”

“ಏನು ಮಾಡ್ಲಿ ಅಕ್ಕಾ? ಆ ಸಾಲು ಹೋದ್ರೆ ನಮ್ಮತ್ತೆ ಎದ್ದು ಓಡಾಡಲ್ಲ.”

“ನಮ್ಮ ಕೇಂದ್ರದಲ್ಲಿ ಒಂದು ಜಂತು ಬೆಳೆಸ್ತೀವಿ. ಕಣ್ಣಿಗೆ ಕಾಣಲ್ಲ. ಮಣ್ಣಿಗೆ ಹಾಕಿದ್ರೆ ಗೊಣ್ಣೆಹುಳಾನ ಹುಡುಕಿಕೊಂಡು ಹೋಗುತ್ತೆ.”

“ಅಯ್ಯೋ, ಜಂತುನಾ! ಹೋದ ಸಲ ಟೊಮೆಟೊ ಸಸಿ ಬೇರಲ್ಲೆಲ್ಲ ಗಂಟು ಕಟ್ಟಿಸಿದ್ದು ಜಂತುವೇ. ಆ ಹೆಸರು ಕೇಳಿದ್ರೆ ನಮ್ಮನೆಯವರು ಹೌಹಾರ್ತಾರೆ.”

“ಅದು ಗಿಡ ತಿನ್ನೋ ಜಾತಿ, ಇದು ಹುಳ ತಿನ್ನೋ ಜಾತಿ. ಇಲಿಗೂ ನಾಲ್ಕು ಕಾಲು, ಬೆಕ್ಕಿಗೂ ನಾಲ್ಕು ಕಾಲು. ಎರಡನ್ನೂ ಹೊಡೆದೋಡಿಸಿದ್ರೆ ಮನೆ ಉಳಿಯುತ್ತಾ?”

ಮರುದಿನ ಹುಳದಕ್ಕ ಒದ್ದೆ ಪುಡಿಯ ಒಂದು ಪೊಟ್ಟಣ ತಂದುಕೊಟ್ಟಳು. ಬಿಸಿಲಿಗೆ ಇಡಬೇಡ, ಅದಕ್ಕೆ ಜೀವ ಇದೆ. ಸಂಜೆ ತಂಪಲ್ಲಿ ಹಾಕು. ಮೊದಲು ಮಣ್ಣು ನೆನೆಸು, ಆಮೇಲೂ ಒಣಗೋಕೆ ಬಿಡಬೇಡ. ಹೀಗೆ ಎಲ್ಲವನ್ನೂ ಹೇಳಿದಳು. ಎಲ್ಲವನ್ನೂ ಹೇಳಿದೆ ಎಂದೇ ಅವಳೂ ಅಂದುಕೊಂಡಳು.

ಸಂಜೆ ಸೊಸೆ ಪುಡಿಯನ್ನು ನೀರಿನಲ್ಲಿ ಕದಡಿ ಸಾಲಿನುದ್ದಕ್ಕೂ ಹಾಕುತ್ತಿದ್ದಾಗ ಗಂಡ ಪೇಟೆಯಲ್ಲಿ ಸಸಿ ಇಳಿಸಿ ವಾಪಸು ಬಂದ.

“ಏನು ಹಾಕ್ತಿದೀಯ?”

“ನೀರು.”

ಜಂತು ಎಂದರೆ ರೇಗುತ್ತಾನೆ. ಕೆಲಸವಾದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಅವನೂ ಮತ್ತೆ ಕೇಳಲಿಲ್ಲ. ಆ ಮನೆಯಲ್ಲಿ ಜಗಳ ಕಡಿಮೆ, ಮಾತೂ ಕಡಿಮೆ.

ಕೆಲವು ದಿನಗಳ ಮೇಲೆ ಅವಳು ತವರಿಗೆ ಹೋಗಿದ್ದಳು. ಗಂಡ ಒಬ್ಬನೇ ಸಾಲಿನ ಬುಡ ಸಡಿಲ ಮಾಡುತ್ತಿದ್ದ. ಗುದ್ದಲಿಯ ಬಾಯಿಗೆ ಒಂದು ಹುಳು ಬಂತು. ಅದು ಬಿಳಿಯಾಗಿರಲಿಲ್ಲ. ಇಟ್ಟಿಗೆಯಂತೆ ಕೆಂಪಾಗಿತ್ತು. ಸತ್ತಿತ್ತು, ಆದರೆ ಕೊಳೆತಿರಲಿಲ್ಲ. ಇನ್ನೊಂದು ಸಿಕ್ಕಿತು, ಮತ್ತೊಂದು. ಮಣ್ಣಿಗೇ ಯಾವುದೋ ಹೊಸ ರೋಗ ಬಂದಿದೆ ಎಂದು ಹೆದರಿದ. ಇದನ್ನು ಹೆಂಡತಿಗೆ ಹೇಳಿ ಅಳಿಸುವುದೇಕೆ, ಅಮ್ಮನಿಗಂತೂ ಹೇಳುವಂತೆಯೇ ಇಲ್ಲ. ಕೈಗೆ ಸಿಕ್ಕ ಕೆಂಪು ಹುಳುಗಳನ್ನೆಲ್ಲ ಹಳೆಯ ಡಬ್ಬಕ್ಕೆ ಹಾಕಿ, ಒಣ ಎಲೆಯ ಜೊತೆ ಸುಟ್ಟ. ಟೊಮೆಟೊ ಸಸಿಗೆ ತಂದು ಮಿಕ್ಕಿದ್ದ ಜಂತುನಾಶಕ ವಿಷವನ್ನು ಕದಡಿ ಸಾಲಿಗೆ ಸುರಿದ. ಕೊನೆಯ ಗಿಡದ ಹೊತ್ತಿಗೆ ಬಕೆಟ್ಟು ಖಾಲಿಯಾಯಿತು. ಕೈ ತೊಳೆದುಕೊಂಡು ಒಳಗೆ ಹೋದ. ಮನೆಯನ್ನು ಕಾಪಾಡಿದೆ ಎಂಬ ಸಮಾಧಾನದಲ್ಲಿ ಊಟ ಮಾಡಿದ.

ಮುಂದಿನ ತಿಂಗಳು ಸಾಲಿನ ಗಿಡಗಳು ಒಂದೊಂದಾಗಿ ವಾಲಿದವು. ಕೊನೆಗೆ ಸೊಸೆ ಹುಳದಕ್ಕನನ್ನು ಕೈಹಿಡಿದು ಕರೆತಂದಳು. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಮಣ್ಣು ಅಗೆದರೆ ಮತ್ತೆ ಅದೇ ಬಿಳಿ ಹುಳುಗಳು, ಕೊಬ್ಬಿದವು.

“ಒಂದೂ ಕೆಂಪಾಗಿ ಸತ್ತಿರಲಿಲ್ವೇನೇ?” ಎಂದು ಹುಳದಕ್ಕ ಕೇಳಿದಳು.

“ಕೆಂಪು ಹುಳಾನಾ?” ಎಂದ ಮಗ. “ತುಂಬಾ ಇತ್ತು. ರೋಗ ಅಂತ ಸುಟ್ಟುಬಿಟ್ಟೆ. ವಿಷಾನೂ ಹಾಕ್ದೆ.”

ಹುಳದಕ್ಕ ಗಿಡದ ಬುಡದಲ್ಲೇ ಕುಕ್ಕರಿಸಿದಳು.

“ತಪ್ಪು ನಂದೂ ಇದೆ. ಹೇಗೆ ಹಾಕಬೇಕು ಅಂತ ಹೇಳಿದೆ. ಸತ್ತ ಹುಳ ಹೇಗಿರುತ್ತೆ ಅಂತ ಹೇಳಲೇ ಇಲ್ಲ.”

“ಸತ್ತ ಹುಳಕ್ಕೆ ಏನಕ್ಕಾ ಅಷ್ಟು ಮರ್ಯಾದೆ?” ಮಗನ ದನಿ ಗಡುಸಾಗಿತ್ತು, ಅದರಡಿಯಲ್ಲಿ ಹೆದರಿಕೆಯಿತ್ತು.

“ಆ ಜಂತುವಿನ ಹೊಟ್ಟೇಲಿ ಒಂದು ಬ್ಯಾಕ್ಟೀರಿಯಾ ಇರುತ್ತಪ್ಪ. ಜಂತುವಿಗೆ ದಾರಿ ಗೊತ್ತು, ಒಂಟಿಯಾಗಿ ಕೊಲ್ಲೋ ತಾಕತ್ತಿಲ್ಲ. ಬ್ಯಾಕ್ಟೀರಿಯಾಗೆ ಕೊಲ್ಲೋ ತಾಕತ್ತಿದೆ, ಹುಳದೊಳಗೆ ಹೋಗೋ ದಾರಿ ಗೊತ್ತಿಲ್ಲ. ಜಂತು ಅದನ್ನ ಹೊತ್ಕೊಂಡು ಗೊಣ್ಣೆಹುಳದೊಳಗೆ ನುಗ್ಗಿ ಅಲ್ಲಿ ಬಿಡುತ್ತೆ. ಎರಡು ಮೂರು ದಿನಕ್ಕೆ ಹುಳ ಸಾಯುತ್ತೆ, ಮೈ ಕೆಂಪಗಾಗುತ್ತೆ. ಬೇರೆ ಕ್ರಿಮಿ ಸೇರಿ ಹೆಣ ಕೊಳೆಯದ ಹಾಗೆ ಆ ಬ್ಯಾಕ್ಟೀರಿಯಾವೇ ಕಾಯುತ್ತೆ. ಜಂತು ಅದರೊಳಗೇ ಉಂಡು ಮರಿ ಮಾಡುತ್ತೆ. ಸಾವಿರಗಟ್ಟಲೆ ಮರಿ. ಅವೂ ಹೊಟ್ಟೇಲಿ ಬ್ಯಾಕ್ಟೀರಿಯಾ ತುಂಬ್ಕೊಂಡು ಮುಂದಿನ ಹುಳ ಹುಡುಕ್ಕೊಂಡು ಹೊರಡ್ತವೆ.”

“ಅಂದ್ರೆ ನಾನು ಸುಟ್ಟಿದ್ದು…”

“ಹೊರಡೋಕೆ ರೆಡಿಯಾಗಿದ್ದ ದಂಡನ್ನ. ಮಣ್ಣಲ್ಲಿ ಉಳಿದಿದ್ದನ್ನ ವಿಷ ಮುಗಿಸ್ತು. ಆಳದಲ್ಲಿದ್ದ ಗೊಣ್ಣೆಹುಳಕ್ಕೆ ಮಾತ್ರ ಏನೂ ಆಗಲಿಲ್ಲ.”

ಅವನು ಹೆಂಡತಿಯ ಕಡೆ ತಿರುಗಿದ. “ಏನು ಹಾಕ್ತಿದೀಯ ಅಂತ ಕೇಳಿದ್ನಲ್ಲೇ ಆವತ್ತು.”

“ಕೇಳಿದ್ರಿ. ನಾನು ನೀರು ಅಂದೆ. ನೀವು ಮಾತ್ರ ಸುಟ್ಟಿದ್ದನ್ನ ಬಂದು ಹೇಳಿದ್ರಾ?”

ಕಟ್ಟೆಯ ಮೇಲಿಂದ ಅತ್ತೆ ಮೊದಲ ಸಲ ಬಾಯಿ ಬಿಟ್ಟರು. “ಕಣ್ಣಿಗೆ ಕಾಣದ ಎರಡು ಜೀವ ಒಂದಕ್ಕೊಂದು ಹೊಂದ್ಕೊಂಡು ಸಂಸಾರ ಮಾಡ್ತವೆ. ನೀವಿಬ್ಬರೂ ಒಂದೇ ತಟ್ಟೆಗೆ ಕೈ ಹಾಕ್ತೀರ. ಬಾಯಿ ಮಾತ್ರ ಬೇರೆ ಬೇರೆ ಊರಲ್ಲಿ.”

ಮಗ ಸಾಲಿನ ಕೊನೆಗೆ ನಡೆದ. ವಿಷ ಸಾಲದೆ ಬಿಟ್ಟಿದ್ದ ಆ ಒಂದು ಗಿಡ ನೆಟ್ಟಗೆ ನಿಂತಿತ್ತು. ತುದಿಯಲ್ಲಿ ಎಳೆ ಚಿಗುರಿತ್ತು. ಬುಡವನ್ನು ಗುದ್ದಲಿ ಬಿಟ್ಟು ಬೆರಳಿನಿಂದ ಕೆದಕಿದ. ಒಂದು ಕೆಂಪು ಹುಳು ಸಿಕ್ಕಿತು. ಮೂಗಿನ ಹತ್ತಿರ ಹಿಡಿದ. ಕೊಳೆತ ನಾತವಿಲ್ಲ. ತುಂಬ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದ. ಆಮೇಲೆ ಇದ್ದಲ್ಲೇ ಇಟ್ಟು, ಮಣ್ಣು ಮುಚ್ಚಿ, ಹೆಂಡತಿಯನ್ನು ಕರೆದ.

“ನೋಡು, ಇಲ್ಲಿ ಒಂದಿದೆ. ಇಲ್ಲಿಗೆ ನಾಳೆ ನೀರು ಹಾಕ್ಬೇಕಾ? ಎಷ್ಟು?”

ಅವಳು ಹೇಳಿದಳು. ಮತ್ತೊಂದು ಪೊಟ್ಟಣ ತರಿಸುವುದೆಂದೂ, ಈ ಸಲ ಇಬ್ಬರೂ ಸೇರಿ ಹಾಕುವುದೆಂದೂ ಆಯಿತು.

ಅತ್ತೆ ಕತ್ತರಿ ಕೇಳಿದರು. ಮಗ ಅವರನ್ನು ಕೈಹಿಡಿದು ಆ ಗಿಡದ ಹತ್ತಿರ ಕರೆತಂದ. ಒಂದೇ ಗಿಡ, ಅದರಿಂದ ಸಾಲು ತುಂಬಲು ವರ್ಷಗಳೇ ಬೇಕು. ಅಷ್ಟು ವರ್ಷ ತಮಗಿದೆಯೋ ಇಲ್ಲವೋ ಎಂದು ಅವರು ಹೇಳಲಿಲ್ಲ. ಬಲಿತ ಎರಡು ಕಡ್ಡಿ ಕತ್ತರಿಸಿ ಒಂದನ್ನು ಸೊಸೆಗೆ ಕೊಟ್ಟರು. ಇನ್ನೊಂದನ್ನು ಹುಳದಕ್ಕನ ಕಡೆ ಚಾಚಿದರು.

“ತಗೋಮ್ಮ. ನಿಮ್ಮನೇಲೂ ಒಂದಿರಲಿ. ಹಿಂದೆ ನಾಲ್ಕು ಜನ ಕೇಳಿದ್ರು. ಆಗಲೇ ಕೊಟ್ಟಿದ್ರೆ ಇವತ್ತು ನಾಲ್ಕು ಮನೇಲಿ ಇರೋದು.”

ಕೇಳುತ್ತಿರುವವರೇ, ನಿಮ್ಮ ಗಿಡದ ಬುಡದಲ್ಲೂ ಇಂಥ ಹುಳುಗಳಿರಬಹುದು. ಹತ್ತಿರದ ಕೃಷಿ ಕೇಂದ್ರದಲ್ಲಿ ಹುಳು ಕೊಲ್ಲುವ ಈ ಜಂತುವಿನ ಬಗ್ಗೆ ವಿಚಾರಿಸಿ. ತಂದರೆ ತಂಪಿನಲ್ಲಿಡಿ, ಸಂಜೆ ಹೊತ್ತು ಹಸಿ ಮಣ್ಣಿಗೆ ಹಾಕಿ. ಜೊತೆಗೆ ವಿಷ ಬೆರೆಸಬೇಡಿ. ಸತ್ತ ಹುಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಹೆದರಿ ಸುಡಬೇಡಿ, ಮಣ್ಣಲ್ಲೇ ಬಿಡಿ. ಅದು ರೋಗವಲ್ಲ, ನಿಮ್ಮ ಕಡೆಯವರ ಮನೆ. ಇನ್ನೊಂದು ಮಾತು. ಮನೆಯವರು ಬಂದು ‘ಏನು ಹಾಕ್ತಿದೀಯ’ ಎಂದು ಕೇಳಿದಾಗ, ದಯವಿಟ್ಟು ಬರೀ ‘ನೀರು’ ಎನ್ನಬೇಡಿ.