ಪೂಜೆಗೆ ಕೂತ ಫೋನು

ತಪ್ಪು ಮರಿಸ್ವಾಮಿಯದೇ. ಆಯುಧಪೂಜೆಯ ಹಿಂದಿನ ದಿನ ಊಟಕ್ಕೆ ಕೂತವನು ಸುಮ್ಮನೆ ಉಂಡು ಏಳಬಹುದಿತ್ತು. ಅದು ಬಿಟ್ಟು ತಾಯಿಯ ಮುಂದೆ ಕೊಚ್ಚಿಕೊಂಡ.

"ಈಗೆಲ್ಲಾ ಆಟೋ ಓಡೋದು ಗ್ಯಾಸಲ್ಲಲ್ಲ ಕಣವ್ವ, ಫೋನಲ್ಲಿ. ಗಿರಾಕಿ ಕರ್ಯೋದು ಫೋನು, ದಾರಿ ತೋರ್ಸೋದು ಫೋನು, ಕಾಸು ಈಸ್ಕೊಳ್ಳೋದೂ ಫೋನೇ. ಅದಿಲ್ದಿದ್ರೆ ಆಟೋ ಬರೀ ಡಬ್ಬ."

ಕೆಂಚಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಯೋಚಿಸಿದಳು. "ಅಂಗಾದ್ರೆ ನಿನ್ನ ಆಯುಧ ಆಟೋ ಅಲ್ಲ ಕಣ್ಲಾ. ಅದೇಯಾ."

ಹೀಗಾಗಿ ಲಷ್ಕರ್ ಮೊಹಲ್ಲಾದ ಆ ಪುಟ್ಟ ಮನೆಯಲ್ಲಿ, ಇಷ್ಟು ವರ್ಷ ಪಾನಾ, ಸ್ಕ್ರೂಡ್ರೈವರು, ಚಾಕು, ಈಳಿಗೆಮಣೆ ಮಾತ್ರ ಕೂರುತ್ತಿದ್ದ ಪೂಜೆಯ ಮಣೆಯ ಮೇಲೆ ಈ ಸಲ ನಟ್ಟನಡುವೆ ಫೋನು ಕೂತಿತು. ಹಿತ್ತಾಳೆ ತಟ್ಟೆಯಲ್ಲಿ ಕಳಶ, ಕಳಶಕ್ಕೆ ಒರಗಿಕೊಂಡು ಫೋನು, ಹಿಂದೆ ಗೋಡೆಯಲ್ಲಿ ಚಾಮುಂಡಿ ತಾಯಿಯ ಪಟ. ಕೆಂಚಮ್ಮ ಫೋನಿನ ಗಾಜಿಗೆ ಮೂರು ಬೆರಳಲ್ಲಿ ಗಂಧ ಬಳಿದು, ಅದರ ಮೇಲೆ ಹಳೇ ಕಾಲದ ರೂಪಾಯಿಯಷ್ಟಗಲ ಕುಂಕುಮ ಇಟ್ಟಳು. ಅಕ್ಷತೆ ಹಾಕುವಾಗ ಚಾರ್ಜರ್ ಚುಚ್ಚುವ ತೂತಿಗೂ ಒಂದು ಕಾಳು ಹೊಕ್ಕಿತು. ಮಂಗಳಾರತಿಯ ನಡುವೆ ಅದು ಸಿನಿಮಾ ಹಾಡು ಕೂಗಬಾರದೆಂದು ಮೊಮ್ಮಗಳು ಸಿಂಚನ ಮೊದಲೇ ಶಬ್ದ ತೆಗೆದು, ಬರೀ ನಡುಗುವ ಹಾಗೆ ಮಾಡಿಟ್ಟಿದ್ದಳು.

"ನಾಳೆ ಬೆಳಗ್ಗೆ ಕಳಶ ಕದಲ್ಸೋಗಂಟ ಇದ್ನ ಯಾರೂ ಮುಟ್ಟಂಗಿಲ್ಲ," ಎಂದಳು ಕೆಂಚಮ್ಮ. ಮುಟ್ಟದೆ ಇದ್ದರೆ ಏನೂ ಮಾಡದ ಯಂತ್ರ ಅದು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಸೊಸೆ ಮಂಗಳಮ್ಮನಿಗೆ ಇದರಲ್ಲಿ ತೊಂದರೆಯೇನೂ ಕಾಣಲಿಲ್ಲ. ಈಳಿಗೆಮಣೆಯೂ ಪೂಜೆಗೆ ಕೂತದ್ದರಿಂದ ಬೀನ್ಸನ್ನು ಕೈಯಲ್ಲೇ ಮುರಿಯಬೇಕಾಯಿತು, ಅಷ್ಟೇ. ಬದಲಿಗೆ ಗಂಡ ಬೆಳಗಿನ ತಿಂಡಿಯನ್ನು ಫೋನ್ ಉಜ್ಜದೆ, ತಟ್ಟೆ ನೋಡಿಕೊಂಡು ತಿಂದ. "ಉಪ್ಪಿಟ್ಟಿಗೆ ಗೋಡಂಬಿ ಹಾಕಿದ್ದೀಯಾ?" ಎಂದು ಕೇಳಿದ. ಅವಳು ಮದುವೆಯಾದಾಗಿನಿಂದ ಹಾಕುತ್ತಿದ್ದಳು.

ಹೊರಗೆ ಆಟೋ ಎರಡು ಬಾಳೆಕಂದು ಕಟ್ಟಿಸಿಕೊಂಡು ಮದುಮಗನಂತೆ ನಿಂತಿತ್ತು. ನಾಲ್ಕು ಗಂಟೆ ದಾಟಿ, ಸಂಜೆಯ ವಡೆಗೆ ಮಂಗಳಮ್ಮ ಎಣ್ಣೆ ಇಡುವ ಹೊತ್ತಿಗೆ ಪಕ್ಕದ ಮನೆಯ ಟೈಲರ್ ವಾಣಿಯೂ ಸಿಂಚನಳೂ ಬಾಗಿಲಿಂದ ಒಟ್ಟಿಗೇ ನುಗ್ಗಿ, ಇಬ್ಬರೂ ಚೌಕಟ್ಟಿಗೆ ಸಿಕ್ಕಿಕೊಂಡರು. ವಾಣಿ ತನ್ನ ಹೊಲಿಗೆ ಯಂತ್ರಕ್ಕೆ ಪೂಜೆ ಮಾಡಿದ್ದಳು, ಫೋನನ್ನು ಮಾತ್ರ ಜಾಣತನದಿಂದ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಳು.

"ಅಮ್ಮಾ, ಸೀಟು! ಎರಡನೇ ಪಟ್ಟೀಲಿ ಹೆಸರು ಬಂದ್ಬುಟ್ಟಿದೆ! ನರ್ಸಿಂಗು, ಇಲ್ಲೇ, ಮೈಸೂರಲ್ಲೇ!"

ಮಂಗಳಮ್ಮನ ಕೈಯಲ್ಲಿದ್ದ ವಡೆ ಹಿಟ್ಟು ಎಣ್ಣೆಗೂ ಬೀಳದೆ ಪಾತ್ರೆಗೂ ಬೀಳದೆ ಅವಳ ಕಾಲಿನ ಮೇಲೆ ಬಿತ್ತು. ಮೊದಲ ಪಟ್ಟಿಯಲ್ಲಿ ಹೆಸರು ಬರದಿದ್ದ ದಿನ ಹುಡುಗಿ ಅತ್ತಿರಲಿಲ್ಲ. ಯಾರೂ ಹೇಳದೆಯೇ ಮನೆಯ ಪಾತ್ರೆಯೆಲ್ಲ ತೊಳೆದು ಕವುಚಿಟ್ಟಿದ್ದಳು. ಕರೆದರೂ ಸಿಂಕಿನ ಹತ್ತಿರ ಬರುವ ಮಗಳಲ್ಲ ಅವಳು. ಆವತ್ತಿನಿಂದ ಮನೆಯ ಪಾತ್ರೆಗಳು ಥಳಥಳ ಹೊಳೆಯುತ್ತಿದ್ದವು. ಒಮ್ಮೆ ಅವು ಮತ್ತೆ ಕೊಳಕಾದರೆ ಸಾಕು ಎಂದು ಮಂಗಳಮ್ಮ ಬೇಡದ ದೇವರಿಲ್ಲ.

"ಇವತ್ತು ಸಂಜೆ ಐದರೊಳಗೆ ಒಪ್ಪಿಗೆ ಅಂತ ಒತ್ಬೇಕಂತೆ ಮಂಗಳಕ್ಕ," ಎಂದಳು ವಾಣಿ. "ಒತ್ತದಿದ್ರೆ ಪಟ್ಟೀಲಿ ಮುಂದಿನೋರಿಗೆ ಹೋಗ್ಬಿಡತ್ತೆ."

"ಒತ್ತು ಮತ್ತೆ, ಏನ್ ನೋಡ್ತಾ ನಿಂತಿದ್ದೀಯಾ?"

"ಒತ್ತಿದ್ರೆ ಓಟಿಪಿ ಕೇಳತ್ತೆ ಕಣಮ್ಮ," ಸಿಂಚನಳ ದನಿ ಇಳಿಯಿತು. "ಓಟಿಪಿ ಬರೋದು ಅಪ್ಪನ ನಂಬರ್‌ಗೆ."

ಎಲ್ಲರೂ ತಿರುಗಿ ಮಣೆಯ ಕಡೆ ನೋಡಿದರು. ಫೋನು ಹಣೆತುಂಬ ಕುಂಕುಮ ಇಟ್ಟುಕೊಂಡು ಗಂಭೀರವಾಗಿ ಕೂತಿತ್ತು. ಅದರ ಪಕ್ಕದಲ್ಲಿ ಕೆಂಚಮ್ಮ ಅಷ್ಟೇ ಗಂಭೀರವಾಗಿ ಕೂತಿದ್ದಳು.

"ಆಗಾಕಿಲ್ಲ."

"ಅಜ್ಜಿ, ಒಂದೇ ನಿಮಿಷ."

"ತಾಯಿ ಕುಂತವಳೆ ಅದ್ರಲ್ಲಿ. ಒಂದು ನಿಮಿಷ ಎದ್ದೋಗು ಅಂತ ತಾಯಿಗೆ ಹೇಳಕ್ಕಾಯ್ತದಾ? ನಾಳೆ ಒತ್ತು."

"ನಾಳೆ ಆ ಸೀಟು ಇರಲ್ಲ ಅಜ್ಜಿ. ಕಂಪ್ಯೂಟರ್‌ಗೆ ಹಬ್ಬಗಿಬ್ಬ ಗೊತ್ತಿಲ್ಲ."

"ಅದ್ರದ್ದೂ ಪೂಜೆ ಮಾಡ್ಸಿಲ್ವಾ ಅವ್ರು? ಎಂಥಾ ಕಾಲೇಜೋ."

ಸಿಂಚನ ಅಪ್ಪನ ಮುಖ ನೋಡಿದಳು. ಮರಿಸ್ವಾಮಿ ಆಟೋದ ಕಡೆ ನೋಡಿದ. ಮಗಳೆಂದರೆ ಅವನಿಗೆ ಪ್ರಾಣ, ಆದರೆ ಭಯವೂ ನಿಜ. ಹಿಂದೊಂದು ಸಲ ಪೂಜೆಗೆ ನಿಲ್ಲಿಸಿದ ಆಟೋವನ್ನು, ಬಸ್‌ಸ್ಟ್ಯಾಂಡಿಗೆ ಒಂದೇ ಒಂದು ಬಾಡಿಗೆ ಎಂದು ಅಂದೇ ತೆಗೆದಿದ್ದ. ಯಾರೋ ರಸ್ತೆಯ ತಿರುವಿನಲ್ಲಿ ದೃಷ್ಟಿ ತೆಗೆದು ಒಡೆದಿದ್ದ ಬೂದುಗುಂಬಳದ ಮೇಲೆ ಚಕ್ರ ಹತ್ತಿ, ಆಟೋ ಗಿರಗಿರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. "ನೋಡ್ದಾ? ಮನೆಗೋಗು ಅಂತ ತಾಯೇ ತಿರುಗ್ಸಿ ನಿಲ್ಸವಳೆ," ಎಂದಿದ್ದಳು ಕೆಂಚಮ್ಮ. ಅಂದಿನಿಂದ ಅವನು ಪೂಜೆಯ ದಿನ ಬಾಡಿಗೆಗೆ ಹೋದವನಲ್ಲ.

"ಮುಟ್ಟೋದು ಬೇಡ, ಸುಮ್ನೆ ನೋಡ್ಬೋದಾ ಅಜ್ಜಿ?" ಎಂದಳು ಸಿಂಚನ. "ಅಂಕಿ ತಾನಾಗೇ ಮೇಲೆ ಬರತ್ತೆ."

ಕೆಂಚಮ್ಮ ಅಳೆದು ತೂಗಿದಳು. "ದರ್ಶನಕ್ಕೇನು ಅಡ್ಡಿ ಇಲ್ಲ."

ವಾಣಿ ತನ್ನ ಫೋನಿನಲ್ಲಿ ಒತ್ತಿದಳು. ತಟ್ಟೆಯಲ್ಲಿದ್ದ ಫೋನು ಗುರ್ ಎಂದು ನಡುಗಿತು, ಗಂಧದ ಹಿಂದೆ ಬೆಳಕು ಮೂಡಿತು. ಅಪ್ಪ, ಮಗಳು, ವಾಣಿ ಮೂವರೂ ದಬದಬನೆ ಮೊಣಕಾಲೂರಿ ತಲೆ ಬಗ್ಗಿಸಿದರು. ಅವರ ಭಕ್ತಿ ಕಂಡು ಕೆಂಚಮ್ಮನಿಗೆ ಸಂತೋಷವಾಯಿತು.

"ನಾಲ್ಕು... ಏಳು..." ಸಿಂಚನ ಓದಿದಳು. "ಆಮೇಲೆ ಕುಂಕುಮ. ಕುಂಕುಮ. ಕೊನೇಲಿ ಒಂಬತ್ತು, ಎರಡು."

"ಕುಂಕುಮದ ಜಾಗಕ್ಕೆ ಏನೇ ಒತ್ಲಿ?" ಎಂದಳು ವಾಣಿ.

ಮರಿಸ್ವಾಮಿ ಧೈರ್ಯ ಮಾಡಿ, "ಊದುದ್ರೆ ಮುಟ್ಟಿದಂಗಲ್ವಲ್ಲ," ಎಂದು ಕೆನ್ನೆ ಉಬ್ಬಿಸಿ ಊದಿದ. ಗಾಜಿನ ಮೇಲಿನ ಒದ್ದೆ ಕುಂಕುಮ ಕದಲಲಿಲ್ಲ. ಪಕ್ಕದ ಬಟ್ಟಲಲ್ಲಿದ್ದ ಪುಡಿಯೆಲ್ಲ ಎದ್ದು ಅವನ ಕಣ್ಣಿಗೇ ಬಂತು. ಅವನು ಕಣ್ಣು ಉಜ್ಜಿಕೊಳ್ಳುತ್ತ ನಲ್ಲಿಗೆ ಓಡಿದ.

"ಕಡ್ಡೀಲಿ ಹತ್ತಿ ಸುತ್ತಿ ಒರೆಸ್ತೀನಿ. ನನ್ನ ಕೈ ತಾಗಲ್ಲ," ಎಂದಳು ಸಿಂಚನ.

"ಕಡ್ಡಿ ಯಾರ ಕೈಲಿರ್ತದೆ? ಇಟ್ಟ ಕುಂಕುಮ ಅಳಿಸ್ತಾರೇನವ್ವ? ಹೆಣ್ಣುಮಗಳಾಗಿ ಆಡೋ ಮಾತಾ?"

ಸಿಂಚನ ಎದ್ದು ಅಡುಗೆಮನೆಗೆ ಬಂದಳು. ಸಿಂಕಿನಲ್ಲಿದ್ದ ಇನ್ನೊಂದು ಬಾಣಲೆ ತೆಗೆದುಕೊಂಡು ತಿಕ್ಕತೊಡಗಿದಳು. ಮಂಗಳಮ್ಮನಿಗೆ ಅಷ್ಟು ಕಂಡದ್ದೇ ಸಾಕಾಯಿತು.

"ಅದ್ನ ಅಲ್ಲಿ ಮಡಗು," ಎಂದಳು. "ಮಡಗು ಅಂದ್ನಲ್ಲ. ಈ ಬಾಣಲೆ ತೊಳ್ಯೋದು ನಾನು. ನೀನು ಹೋಗಿ ಅಜ್ಜಿ ಪಕ್ಕ ಕೂತ್ಕೊ."

ಅಷ್ಟರಲ್ಲಿ ಮತ್ತೆ ಗುರ್ರ್ ಎಂದಿತು. ಯಾರೋ ಗಿರಾಕಿ ಇರಬೇಕು. ಫೋನು ನಡುಗಿದ ರಭಸಕ್ಕೆ ಹಿತ್ತಾಳೆ ತಟ್ಟೆ ಕಟಕಟ ಕುಣಿಯಿತು, ಕಳಶದ ಚೊಂಬು ಗುಂಯ್‌ಗುಟ್ಟಿತು, ಕಾಯಿಯ ಜುಟ್ಟಿನಿಂದ ಒಂದು ಸೇವಂತಿಗೆ ಎಸಳು ಉದುರಿತು. ಕೆಂಚಮ್ಮ ಪಟಪಟನೆ ಕೆನ್ನೆ ಬಡಿದುಕೊಂಡಳು. ಮಂಗಳಮ್ಮ ವಡೆ ತಿರುವುತ್ತಲೇ ಬಾಗಿಲಿಂದ ಆ ಎಸಳನ್ನು ನೋಡಿದಳು.

ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಮೆಲ್ಲಗೆ ಹೇಳಿದಳು. "ಅತ್ತೆ, ನಾವ್ನಾವೇ ಯಾಕೆ ಕಿತ್ತಾಡೋದು? ತಾಯಿನೇ ಕೇಳ್ಬುಡಿ. ಹೂ ಕೇಳಿ."

ಹೂ ಕೇಳುವುದು ಕೆಂಚಮ್ಮನ ಊರಿನ ಕ್ರಮ. ದೇವರ ಮುಡಿಗೆ ಹೂವಿಟ್ಟು, ಮನಸ್ಸಿನ ಮಾತು ಕೇಳಿ, ಕೈಮುಗಿದು ಕಾಯಬೇಕು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಕೆಂಪು ಹಸು ಕೊಳ್ಳುವಾಗಲೂ, ಮರಿಸ್ವಾಮಿಗೆ ಮಂಗಳಮ್ಮನನ್ನು ತರುವಾಗಲೂ ಹೀಗೆಯೇ ಕೇಳಿದ್ದು. ಎರಡು ಸಲವೂ ಬಲಕ್ಕೇ ಬಿದ್ದಿತ್ತು. ಹಸುವಿನ ವಿಷಯದಲ್ಲಿ ಮಾತ್ರ ಮೋಸವಾಯಿತು ಎಂದು ಅತ್ತೆ ಆಗಾಗ ಅನ್ನುತ್ತಿದ್ದುದು ಮಂಗಳಮ್ಮನಿಗೆ ಒಂದು ಸಮಾಧಾನ.

ಕೆಂಚಮ್ಮನ ಮುಖ ಅರಳಿತು. ಕಾಲು ತೊಳೆದು ಬಂದು, ಒಳ್ಳೆಯ ಸೇವಂತಿಗೆಯೊಂದನ್ನು ಆರಿಸಿ ಕಾಯಿಯ ನೆತ್ತಿಗಿಟ್ಟಳು. "ತಾಯಿ, ಈ ಫೋನ್ ಮುಟ್ಬೋದಾ? ಮುಟ್ಬೋದು ಅಂದ್ರೆ ಬಲಕ್ಕೆ ಕೊಡವ್ವ." ಎಲ್ಲರೂ ಕಣ್ಣು ಮುಚ್ಚಿದರು.

ಮಂಗಳಮ್ಮ "ವಡೆ ಸೀಯ್ತದೆ" ಎಂದು ಒಳಗೆ ಹೋದಳು. ಸಾಸಿವೆ ಡಬ್ಬದ ಹಿಂದೆ ಅವಳ ಗುಂಡಿ ಒತ್ತುವ ಹಳೇ ಫೋನು ಇತ್ತು. ಅದನ್ನು ಯಾರೂ ಆಯುಧವೆಂದು ಎಣಿಸಿರಲಿಲ್ಲ. ಗಂಡನ ನಂಬರ್ ಒತ್ತಿದಳು. ಹೊರಗೆ ತಟ್ಟೆ ಕಟಕಟ ಕುಣಿಯಿತು.

"ಬಿತ್ತು!" ಮರಿಸ್ವಾಮಿ ಕೂಗಿದ. ಮರುಕ್ಷಣ ಅವನ ದನಿಯೇ ಸತ್ತುಹೋಯಿತು. "ಎಡಕ್ಕೆ."

ಮಂಗಳಮ್ಮ ಫೋನನ್ನು ಕಡಲೆಬೇಳೆ ಡಬ್ಬಕ್ಕೆ ಎಸೆದು ಓಡಿ ಬಂದಳು. ಸಿಂಚನ ಗೋಡೆಗೆ ಒರಗಿ ತಲೆ ತಗ್ಗಿಸಿದ್ದಳು. ವಾಣಿ ತನ್ನ ಫೋನನ್ನು ನೋಡಿಕೊಳ್ಳುತ್ತ, "ನಾಲ್ಕೂಮುಕ್ಕಾಲು," ಎಂದು ಪಿಸುಗುಟ್ಟಿದಳು. ಸೊಸೆಗೆ ತನ್ನ ಬುದ್ಧಿವಂತಿಕೆಯ ಮೇಲೇ ಸಿಟ್ಟು ಬಂತು. ಇದುವರೆಗೆ ಬೇಡ ಅಂದದ್ದು ಅತ್ತೆ ಮಾತ್ರ. ಈಗ ದೇವಿಯ ಬಾಯಲ್ಲೂ ತಾನೇ ಬೇಡ ಅನ್ನಿಸಿದ ಹಾಗಾಯಿತು.

ಕೆಂಚಮ್ಮ ಬಿದ್ದ ಹೂವನ್ನು ಎತ್ತಿ ತಟ್ಟೆಗಿಟ್ಟಳು. ಆಮೇಲೆ ಮೊಮ್ಮಗಳ ತಗ್ಗಿಸಿದ ತಲೆಯನ್ನು ನೋಡಿದಳು. ಹೋದ ವರ್ಷ ತಾನು ಜ್ವರದಿಂದ ಆಸ್ಪತ್ರೆ ಸೇರಿದಾಗ, ಕೈಗೆ ಚುಚ್ಚಿದ ಸೂಜಿ ನೋಯದ ಹಾಗೆ ರಾತ್ರಿಯಿಡೀ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಈ ಹುಡುಗಿಯೇ.

"ನಾನು ಕೇಳಿದ್ದೇ ಸರಿ ಇಲ್ಲ," ಎಂದಳು ಕೊನೆಗೆ. "ಫೋನ್ ಮುಟ್ಬೋದಾ ಅಂದ್ರೆ ತಾಯಿ ಯಾಕೆ ಊಂ ಅಂತಾಳೆ? ಮಗು ಓದ್ಬೇಕಾ ಬ್ಯಾಡ್ವಾ ಅಂತ ಕೇಳ್ಬೇಕಿತ್ತು." ಇನ್ನೊಂದು ಹೂ ತೆಗೆದುಕೊಂಡು, ಅತ್ತ ಇತ್ತ ವಾಲಿಸಿ, ಬಹಳ ಹೊತ್ತು ಸರಿಮಾಡಿ ಇಟ್ಟಳು. ಹಿಂದೆ ತಿರುಗದೆಯೇ ಹೇಳಿದಳು. "ಮಂಗ್ಳಾ, ಒಲೆತಾವ ನಿಂಗೇನೋ ಕೆಲಸ ಇತ್ತಲ್ಲ. ಓಗು, ಮಾಡ್ಕೊ. ಮಿಕ್ಕೋರು ಕಣ್ಮುಚ್ಕೊಳ್ಳಿ."

ಮಂಗಳಮ್ಮ ಒಳಗೆ ಓಡಿದಳು. ಕಡಲೆಬೇಳೆಯಲ್ಲಿ ಹುದುಗಿದ ಫೋನನ್ನು ಕೆದಕಿ ತೆಗೆದಳು. ಎಣ್ಣೆ ಬೆರಳಿಗೆ ಗುಂಡಿಗಳು ಜಾರಿದವು. ಮೊದಲ ಸಲ ತಪ್ಪು ನಂಬರ್. ಎರಡನೇ ಸಲ ಒತ್ತುತ್ತಿರುವಾಗಲೇ ಹೊರಗಿನಿಂದ ಕೇಕೆ ಎದ್ದಿತು.

"ಬಲಕ್ಕೆ! ಬಲಕ್ಕೆ ಬಿತ್ತು! ಅಮ್ಮಾ!"

ಆಮೇಲಿನದೆಲ್ಲ ಒಂದೇ ಗದ್ದಲ. ಕೆಂಚಮ್ಮ ತಾನೇ ಕಳಶ ಕದಲಿಸಿ, ಫೋನನ್ನು ಎರಡೂ ಕೈಯಲ್ಲಿ ಎತ್ತಿ, ಕುಂಕುಮವನ್ನು ತನ್ನ ಬೆರಳಿಂದಲೇ ತೆಗೆದು ಮೊಮ್ಮಗಳ ಹಣೆಗೆ ಹಚ್ಚಿದಳು. ಓಟಿಪಿ ಹಳೆಯದಾಗಿತ್ತು, ಹೊಸದು ಬರಬೇಕಾಯಿತು. ಗಾಜಿನ ಮೇಲಿನ ಗಂಧ ಅರ್ಧ ಹೋಗಿ ಅರ್ಧ ಉಳಿದು, ಮರಿಸ್ವಾಮಿ ಒತ್ತಿದ್ದಕ್ಕೆಲ್ಲ ಬೇರೆ ಏನೇನೋ ತೆರೆದುಕೊಂಡಿತು. ಕೆಂಪಗೆ ಊದಿದ ಕಣ್ಣಿನ ಅವನ ಮುಖವನ್ನು ಅವನ ಫೋನೇ ಗುರುತಿಸಲಿಲ್ಲ. ಕೊನೆಗೆ ಸಿಂಚನ ಅಂಕಿಗಳನ್ನು ಕೂಗಿ ಹೇಳಿದಳು, ವಾಣಿ ಒತ್ತಿದಳು, ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ಐದು ಜನ ಒಂದು ಅಂಗೈಯಗಲದ ಗಾಜಿನ ಮೇಲೆ ಬಾಗಿ ಉಸಿರಾಡುವುದನ್ನೇ ಬಿಟ್ಟರು.

ಚಕ್ರ ನಿಂತಿತು. ಹಸಿರು ಬಣ್ಣದಲ್ಲಿ ಒಂದು ಗೆರೆ ಮೂಡಿತು. ಸಿಂಚನ ಅದನ್ನು ಓದದೆ ಅಳತೊಡಗಿದ್ದರಿಂದ ವಾಣಿಯೇ ಓದಬೇಕಾಯಿತು. ಸೀಟು ಖಾತ್ರಿಯಾಗಿತ್ತು.

ಎಲ್ಲರಿಗೂ ಆರಿದ ವಡೆ ಬಡಿಸಿ, ಮಂಗಳಮ್ಮ ಒಳಗೆ ಒಬ್ಬಳೇ ಇದ್ದಾಗ ಕೆಂಚಮ್ಮ ಬಂದು ಒಲೆಯ ಪಕ್ಕ ಕೂತಳು. ಒಂದು ವಡೆ ಮುರಿದು ಬಾಯಿಗೆ ಹಾಕಿಕೊಂಡಳು.

"ಜೂ ಒಳ್ಗೆ ತೆಗ್ಸಿದ್ಯಲ್ಲ ನಿನ್ನ ಪಟ, ಜಿರಾಫೆ ಮುಂದೆ ನಿಂತ್ಕೊಂಡು. ಚೆಂದಾಗೈತೆ."

"ಯಾವ ಪಟ ಅತ್ತೆ?"

"ನೀನು ಫೋನ್ ಮಾಡುದ್ರೆ ಮರಿ ಫೋನಲ್ಲಿ ಬತ್ತದಲ್ಲ, ಅದು. ಮೊದಲ ಹೂವು ಬೀಳೋವಾಗ ಕುಂಕುಮದ ಪಕ್ಕದಲ್ಲಿ ಜಿರಾಫೆ ಕತ್ತು ಕಾಣ್ತಿತ್ತು. ನಾನು ಕಣ್ಮುಚ್ಚಿರ್ನಿಲ್ಲ."

ಮಂಗಳಮ್ಮನ ಮುಖ ಬೆಂಕಿಯಂತಾಯಿತು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡು, "ತಪ್ಪಾಯ್ತು ಅತ್ತೆ," ಎಂದಳು. ಆಮೇಲೆ ಏನೋ ಹೊಳೆದು ತಲೆ ಎತ್ತಿದಳು. "ಆದ್ರೆ ಎರಡನೇ ಸಲ ನಾನು ಮಾಡ್ನೇ ಇಲ್ಲ. ತಾಯಾಣೆ. ನಂಬರ್ ಒತ್ತೋ ಅಷ್ಟರಲ್ಲೇ ಹೂ ಬಿದ್ದೋಯ್ತು."

"ಗೊತ್ತು," ಎಂದಳು ಕೆಂಚಮ್ಮ. ಇನ್ನೊಂದು ವಡೆಗೆ ಕೈ ಹಾಕಿದಳು. "ನಿನ್ನ ನಂಬಿ ಕುಂತಿದ್ರೆ ಐದು ಗಂಟೆ ಒಡ್ದೋಗೋದು. ನಾನೇ ವಸಿ ಮೊಣಕಾಲು ತಗಲಿಸ್ದೆ."

"ಅತ್ತೆ!"

"ಏನು ಅತ್ತೆ? ನಾನು ಮುಟ್ಟಿದ್ದು ಮಣೆನ ಕಣವ್ವ. ಫೋನ್ನ ಮುಟ್ನಿಲ್ಲ."